ಐದು ವರ್ಷದ ಜಾಕ್ ರಸೆಲ್‌ಗೆ ಲೆನ್ಸ್ ಜಾರಿ ಎಡಗಣ್ಣು ಹೋಗಿದೆ. ಬಲಗಣ್ಣನ್ನು ಉಳಿಸಿಕೊಳ್ಳುವುದು ಹೇಗೆ?

ಪ್ರಶ್ನೆ: ಕಾಫಿತೋಟ

ಎಲ್ಲರಿಗೂ ನಮಸ್ಕಾರ. ನಾವು ಮೂಲತಃ ಚಿಕ್ಕಮಗಳೂರಿನವರು. ಯಜಮಾನರ ಕೆಲಸದ ನಿಮಿತ್ತ ಇಂಗ್ಲೆಂಡಿನ ಲೆಸ್ಟರ್‌ನಲ್ಲಿ ನೆಲೆಸಿದ್ದೇವೆ. ನಮ್ಮ ಮನೆಯ ಚಿನ್ನು ಐದು ವರ್ಷದ ಹೆಣ್ಣು ಜಾಕ್ ರಸೆಲ್ ಟೆರಿಯರ್. ಹಳ್ಳಿಯ ಕಡೆಯ ಒಂದು ಫಾರಂನಿಂದ ಮರಿಯಾಗಿದ್ದಾಗ ತಂದದ್ದು. ತಾಯಿಯನ್ನು ಕಣ್ಣಾರೆ ಕಂಡಿದ್ದೆವು, ಲಸಿಕೆಯ ಕಾರ್ಡನ್ನೂ ಕೊಟ್ಟಿದ್ದರು. ಆದರೆ ತಳಿನಾಯಿಗಳ ದಾಖಲೆ ಇಡುವ ಕೆನೆಲ್ ಕ್ಲಬ್‌ನ ನೋಂದಣಿಯಾಗಲಿ, ತಂದೆತಾಯಿಯ ಕಣ್ಣು ಪರೀಕ್ಷಿಸಿದ ಕಾಗದವಾಗಲಿ ಇರಲಿಲ್ಲ.

ಕಳೆದ ವಾರ ಒಂದು ಬೆಳಿಗ್ಗೆ ಅವಳು ಎಡಗಣ್ಣನ್ನು ಅರ್ಧ ಮುಚ್ಚಿಕೊಂಡೇ ಎದ್ದಳು. ಕಣ್ಣಿನಿಂದ ನೀರು ಸುರಿಯುತ್ತಿತ್ತು, ಬಿಳಿಯ ಭಾಗ ಕೆಂಪಾಗಿತ್ತು, ನಡುವೆ ತಿಳಿನೀಲಿಯ ಮಬ್ಬು ಕವಿದಿತ್ತು. ಹತ್ತಿರದ ಚಿಕಿತ್ಸಾಲಯದಲ್ಲಿ ಮುಳ್ಳೋ ಕಡ್ಡಿಯೋ ತಗುಲಿ ಗೀರಾಗಿರಬೇಕು ಎಂದು ಆಂಟಿಬಯೋಟಿಕ್ ಹನಿ ಬರೆದುಕೊಟ್ಟು ಕಳುಹಿಸಿದರು. ಮರುದಿನದ ಹೊತ್ತಿಗೆ ಅವಳು ಅನ್ನ ಮುಟ್ಟಲಿಲ್ಲ, ತಲೆ ಸವರಿದರೆ ಮುಖ ಹಿಂದಕ್ಕೆ ಎಳೆದುಕೊಳ್ಳುತ್ತಿದ್ದಳು. ತುರ್ತು ಆಸ್ಪತ್ರೆಗೆ ಕರೆದೊಯ್ದಾಗ ಕಣ್ಣಿನ ಒತ್ತಡ 52 ಇದೆ, ಲೆನ್ಸ್ ತನ್ನ ಜಾಗ ಬಿಟ್ಟು ಕಣ್ಣಿನ ಮುಂಭಾಗಕ್ಕೆ ಜಾರಿ ಬಂದಿದೆ ಎಂದರು. ಕಣ್ಣಿನ ತಜ್ಞರ ಬಳಿಗೆ ತಲುಪುವಷ್ಟರಲ್ಲಿ ಆ ಕಣ್ಣಿಗೆ ಬೆಳಕಿನ ಅರಿವೂ ಇರಲಿಲ್ಲ. ಈಗ ಒತ್ತಡ ಇಳಿಸುವ ಹನಿಗಳ ಮೇಲಿದ್ದಾಳೆ. ನೋವು ತಗ್ಗದಿದ್ದರೆ ಆ ಕಣ್ಣನ್ನು ತೆಗೆಯುವುದೇ ಒಳ್ಳೆಯದು ಎಂದು ತಜ್ಞರು ಹೇಳಿದ್ದಾರೆ.

ನಮ್ಮ ಚಿಂತೆ ಈಗ ಬಲಗಣ್ಣಿನದು. ಅಲ್ಲಿಯೂ ಲೆನ್ಸ್ ಸಡಿಲವಾಗತೊಡಗಿದೆ, ಇದು ಟೆರಿಯರ್‌ಗಳಲ್ಲಿ ವಂಶಪಾರಂಪರ್ಯವಾಗಿ ಬರುವ ಕಾಯಿಲೆ ಎಂದು ತಿಳಿಸಿ, ಕೆನ್ನೆಯ ಒಳಗಿನಿಂದ ಮಾದರಿ ತೆಗೆದು ಡಿಎನ್‌ಎ ಪರೀಕ್ಷೆಗೆ ಕಳುಹಿಸಿದ್ದಾರೆ. ಈ ಕಾಯಿಲೆ ಕಣ್ಣಿನೊಳಗೆ ನಿಜವಾಗಿ ಏನು ಮಾಡುತ್ತದೆ, ಇನ್ನೂ ಕಾಣುತ್ತಿರುವ ಕಣ್ಣಿಗೆ ಮುಂಚಿತವಾಗಿಯೇ ಶಸ್ತ್ರಚಿಕಿತ್ಸೆ ಮಾಡಿಸುವುದು ಸರಿಯೇ, ಕೊನೆಗೆ ಎರಡೂ ಕಣ್ಣು ಹೋದರೆ ಇಷ್ಟು ಚುರುಕಿನ ನಾಯಿ ಹೇಗೆ ಬದುಕೀತು ಎಂಬುದನ್ನು ತಿಳಿದವರು ದಯವಿಟ್ಟು ಬರೆಯಿರಿ. ಚಿನ್ನುವಿನ ಜೊತೆಯಲ್ಲೇ ಹುಟ್ಟಿದ ಗಂಡುಮರಿ ಇಲ್ಲಿಯೇ ನಮ್ಮ ಸ್ನೇಹಿತರ ಮನೆಯಲ್ಲಿದೆ. ಅವರಿಗೆ ಏನು ಹೇಳಬೇಕು? ಬೆಂಗಳೂರಿನಲ್ಲಿರುವ ನನ್ನ ತಮ್ಮನೂ ಜಾಕ್ ರಸೆಲ್ ಅಥವಾ ಯಾರ್ಕ್‌ಷೈರ್ ಟೆರಿಯರ್ ಮರಿಯೊಂದನ್ನು ಕೊಳ್ಳುವ ಯೋಚನೆಯಲ್ಲಿದ್ದಾನೆ. ಅವನು ಏನನ್ನು ವಿಚಾರಿಸಬೇಕು?

ಉತ್ತರ: ಪಶುವೈದ್ಯ ಧಾರವಾಡ

ನಮಸ್ಕಾರ ಮೇಡಂ. ಚಿನ್ನುವಿನ ಎಡಗಣ್ಣಿನ ವಿಷಯ ಓದಿ ಬೇಸರವಾಯಿತು. ನಾನು ನಾಯಿ ಬೆಕ್ಕುಗಳ ಚಿಕಿತ್ಸೆ ಮಾಡುವ ಪಶುವೈದ್ಯ. ಕಣ್ಣನ್ನು ಕೈಯಾರೆ ನೋಡಿದ ನಿಮ್ಮ ತಜ್ಞರ ಮಾತೇ ಅಂತಿಮವೆಂದು ಇಟ್ಟುಕೊಂಡು, ಅವರೊಂದಿಗೆ ಮಾತನಾಡುವಾಗ ನಿಮಗೆ ನೆರವಾಗಲಿ ಎಂದು ವಿವರವಾಗಿ ಬರೆಯುತ್ತೇನೆ.

ಕಣ್ಣಿನ ಲೆನ್ಸ್ ಪಾಪೆಯ ಹಿಂದೆ ತಾನಾಗಿ ನಿಂತಿರುವುದಿಲ್ಲ. ಅದರ ಅಂಚಿನ ಸುತ್ತಲೂ ಕೂದಲಿಗಿಂತ ಎಷ್ಟೋ ಸಣ್ಣದಾದ ಎಳೆಗಳಿದ್ದು, ನಾಲ್ಕೂ ಕಡೆಯಿಂದ ಹಗ್ಗ ಕಟ್ಟಿದ ತೊಟ್ಟಿಲಿನಂತೆ ಅವು ಲೆನ್ಸನ್ನು ಹಿಡಿದಿಟ್ಟಿರುತ್ತವೆ. ನೀವು ಹೇಳುತ್ತಿರುವ ಕಾಯಿಲೆಯಲ್ಲಿ ಈ ಎಳೆಗಳು ಹುಟ್ಟಿನಿಂದಲೇ ಸರಿಯಾಗಿ ರೂಪುಗೊಂಡಿರುವುದಿಲ್ಲ. ಎಡಾಮ್‌ಟಿಎಸ್-17 ಎಂಬ ವಂಶವಾಹಿಯಲ್ಲಿನ ಒಂದೇ ಒಂದು ಅಕ್ಷರದ ಬದಲಾವಣೆ ಇದಕ್ಕೆ ಕಾರಣ ಎಂಬುದು 2010ರಲ್ಲಿ ಪ್ರಕಟವಾದ ಸಂಶೋಧನೆಯಿಂದ ಗೊತ್ತಾಯಿತು. ಜಾಕ್ ರಸೆಲ್, ಮಿನಿಯೇಚರ್ ಬುಲ್ ಟೆರಿಯರ್ ಮತ್ತು ಲ್ಯಾಂಕಾಷೈರ್ ಹೀಲರ್ ತಳಿಗಳ ನಾಯಿಗಳ ಮೇಲೆ ಆ ಅಧ್ಯಯನ ನಡೆದಿತ್ತು. ದೋಷವಿರುವ ನಾಯಿಯ ಎಳೆಗಳಲ್ಲಿ ಇಪ್ಪತ್ತು ತಿಂಗಳ ಪ್ರಾಯಕ್ಕೇ ಸೂಕ್ಷ್ಮದರ್ಶಕದಡಿ ವ್ಯತ್ಯಾಸ ಕಾಣಿಸುತ್ತದೆ. ಆದರೆ ಹೊರಗಿನಿಂದ ನೋಡುವವರಿಗೆ ಕಣ್ಣು ನಾಲ್ಕೈದು ವರ್ಷಗಳವರೆಗೂ ಥಳಥಳಿಸುತ್ತಲೇ ಇರುತ್ತದೆ. ಸಾಮಾನ್ಯವಾಗಿ ಮೂರರಿಂದ ಎಂಟು ವರ್ಷಗಳ ನಡುವೆ ಎಳೆಗಳು ಒಂದೊಂದಾಗಿ ಹರಿದು ಲೆನ್ಸ್ ಜಾರುತ್ತದೆ. ಆದ್ದರಿಂದ ಆರೈಕೆಯಲ್ಲಿ ಏನೋ ಕೊರತೆಯಾಯಿತೆಂಬ ಶಂಕೆ ನಿಮ್ಮ ಮನಸ್ಸಿಗೆ ಬರುವುದು ಬೇಡ.

ಲೆನ್ಸ್ ಹಿಂದಕ್ಕೆ ಜಾರಿದರೆ ತಕ್ಷಣದ ಅಪಾಯ ಕಡಿಮೆ. ಮುಂದಕ್ಕೆ ಬಂದರೆ ಮಾತ್ರ ಅದು ನಿಜವಾದ ತುರ್ತು ಪರಿಸ್ಥಿತಿ. ಕಣ್ಣಿನೊಳಗೆ ಸದಾ ಒಸರುವ ತಿಳಿನೀರು ಪಾಪೆಯ ಮೂಲಕ ಮುಂದಕ್ಕೆ ಹರಿದು, ಕಣ್ಣಿನ ಅಂಚಿನ ಜಾಲರಿಯಿಂದ ಹೊರಹೋಗಬೇಕು. ಜಾರಿದ ಲೆನ್ಸ್ ಅಥವಾ ಅದರ ಜೊತೆಗೆ ಬರುವ ಲೋಳೆ ಪಾಪೆಗೆ ಅಡ್ಡ ಬಿದ್ದಾಗ ನೀರು ಒಳಗೇ ಕಟ್ಟಿಕೊಂಡು ಒತ್ತಡ ಏರುತ್ತದೆ. ನಾಯಿಯ ಕಣ್ಣಿನ ಸಹಜ ಒತ್ತಡ ಪಾದರಸದ ಸುಮಾರು 10ರಿಂದ 25 ಮಿಲಿಮೀಟರ್. ಐವತ್ತರ ಮೇಲೆ ಹೋದರೆ ದೃಷ್ಟಿನರಕ್ಕೂ ರೆಟಿನಾಕ್ಕೂ ರಕ್ತ ಸರಿಯಾಗಿ ತಲುಪದೆ, ಒಂದೆರಡು ದಿನಗಳಲ್ಲಿಯೇ, ಕೆಲವೊಮ್ಮೆ ಅದಕ್ಕೂ ಮೊದಲೇ, ಶಾಶ್ವತವಾಗಿ ದೃಷ್ಟಿ ಹೋಗುತ್ತದೆ. ಕೆಂಪಾದ, ಮಬ್ಬಾದ, ಮುಚ್ಚಿಕೊಂಡ ಕಣ್ಣಿನೊಂದಿಗೆ ಟೆರಿಯರ್ ಬಂದರೆ ಗೀರು ಎಂದುಕೊಳ್ಳುವ ಮೊದಲು ಒತ್ತಡ ಅಳೆಯಲೇಬೇಕು ಎಂದು ನಾನು ಕಿರಿಯ ವೈದ್ಯರಿಗೆ ಪದೇ ಪದೇ ಹೇಳುವುದು ಇದೇ ಕಾರಣಕ್ಕೆ. ಮರಗಟ್ಟಿಸುವ ಹನಿಯೊಂದನ್ನು ಹಾಕಿ ಟೋನೋಮೀಟರ್ ಮುಟ್ಟಿಸಿದರೆ ನಿಮಿಷದೊಳಗೆ ಮುಗಿಯುವ ಪರೀಕ್ಷೆ ಅದು.

ಈಗ ಬಲಗಣ್ಣಿಗೆ ಬರೋಣ. ಲೆನ್ಸ್ ಸಡಿಲಗೊಂಡ ಕಣ್ಣಿನಲ್ಲಿ, ನಾಯಿ ತಲೆ ಆಡಿಸಿದಾಗ ಪಾಪೆಯ ಸುತ್ತಲಿನ ಬಣ್ಣದ ಪರದೆ ಸಣ್ಣಗೆ ಕಂಪಿಸುತ್ತದೆ. ಬೆನ್ನಿಗೆ ಲೆನ್ಸಿನ ಆಸರೆ ಇಲ್ಲದಿರುವುದೇ ಆ ಕಂಪನಕ್ಕೆ ಕಾರಣ. ಕೆಲವೊಮ್ಮೆ ಪಾಪೆಯ ಅಂಚಿನಲ್ಲಿ ಬಿಳಿಯ ನೂಲಿನಂತಹ ಲೋಳೆಯ ಎಳೆಗಳೂ ಕಾಣಿಸುತ್ತವೆ. ಈ ಹಂತದಲ್ಲಿ ಎರಡು ದಾರಿಗಳಿವೆ. ಲ್ಯಾಟಾನೊಪ್ರಾಸ್ಟ್‌ನಂತಹ ಹನಿ ಹಾಕಿ ಪಾಪೆಯನ್ನು ಸದಾ ಕಿರಿದಾಗಿ ಇರಿಸಿ, ಲೆನ್ಸ್ ಮುಂದಕ್ಕೆ ನುಸುಳದಂತೆ ತಡೆಯುವುದು ಒಂದು. ಲೆನ್ಸ್ ಪೂರ್ತಿ ಕಳಚುವ ಮೊದಲೇ ಅದನ್ನು ಸುತ್ತಲಿನ ತೆಳು ಚೀಲದ ಸಮೇತ ಹೊರತೆಗೆಯುವುದು ಇನ್ನೊಂದು. ಹನಿಗಳಿಂದ ಕಾಲ ಸಿಗುತ್ತದೆ, ಆದರೆ ಎಳೆಗಳು ಹರಿಯುವುದು ನಿಲ್ಲುವುದಿಲ್ಲ. ಶಸ್ತ್ರಚಿಕಿತ್ಸೆಯಲ್ಲಿ ಲೆನ್ಸ್ ಮುಂದಕ್ಕೆ ಜಾರುವ ಭಯ ನೀಗುತ್ತದೆ, ಆದರೆ ನಂತರ ರೆಟಿನಾ ಕಳಚುವ ಮತ್ತು ಗ್ಲಾಕೋಮಾ, ಅಂದರೆ ಕಣ್ಣಿನ ಒತ್ತಡ ಏರಿ ದೃಷ್ಟಿ ಕೆಡಿಸುವ ಕಾಯಿಲೆ, ಬರುವ ಸಾಧ್ಯತೆ ಉಳಿದೇ ಇರುತ್ತದೆ. ವರ್ಷಗಟ್ಟಲೆ ಹನಿ ಹಾಕಿ ತಪಾಸಣೆ ಮಾಡಿಸಬೇಕಾಗುತ್ತದೆ. ಒಂದು ಕಣ್ಣು ಈಗಾಗಲೇ ಹೋಗಿದ್ದು, ಇನ್ನೊಂದರ ಒತ್ತಡ ಸಹಜವಾಗಿದ್ದು, ಪರಿಣತರು ಕೈಗೆ ಸಿಗುವ ಊರಿನಲ್ಲಿದ್ದರೆ ನಾನು ಶಸ್ತ್ರಚಿಕಿತ್ಸೆಯ ಕಡೆಗೇ ವಾಲುತ್ತೇನೆ. ಕಾಣುತ್ತಿರುವ, ಊತವಿಲ್ಲದ ಕಣ್ಣಿಗೆ ಮಾಡಿದ ಶಸ್ತ್ರಚಿಕಿತ್ಸೆ, ಒತ್ತಡ ಏರಿ ಜರ್ಜರಿತವಾದ ಕಣ್ಣಿಗೆ ಮಾಡಿದ್ದಕ್ಕಿಂತ ಚೆನ್ನಾಗಿ ಫಲಿಸುತ್ತದೆ.

ಲೆನ್ಸ್ ಇಲ್ಲದ ನಾಯಿ ಕುರುಡಾಗುವುದಿಲ್ಲ ಎಂಬುದನ್ನೂ ತಿಳಿದಿರಿ. ಅದಕ್ಕೆ ಸುಮಾರು 14 ಡಯಾಪ್ಟರ್‌ನಷ್ಟು (ಕನ್ನಡಕದ ಪವರ್ ಅಳೆಯುವ ಮಾನ) ದೂರದೃಷ್ಟಿ ಬರುವುದರಿಂದ ಎಲ್ಲವೂ ಮಸುಕಾಗಿ ಕಾಣುತ್ತದೆ, ಮೂಗಿನ ಮುಂದಿರುವುದಂತೂ ಇನ್ನಷ್ಟು ಮಸುಕು. ಆದರೂ ಬಾಗಿಲು, ಮನುಷ್ಯರು, ಓಡುವ ಅಳಿಲು ಎಲ್ಲವನ್ನೂ ಗುರುತಿಸಿ ನಡೆದಾಡುತ್ತದೆ.

ಒಂದು ಎಚ್ಚರಿಕೆ. ಪಾಪೆ ಕಿರಿದಾಗಿಸುವ ಈ ಹನಿ ಲೆನ್ಸ್ ಹಿಂದಿರುವಾಗ ಮಾತ್ರ ಸರಿ. ಲೆನ್ಸ್ ಮುಂದಕ್ಕೆ ಬಂದ ಮೇಲೆ ಅದನ್ನೇ ಹಾಕಿದರೆ ಪಾಪೆ ಮುಚ್ಚಿಕೊಂಡು ಒತ್ತಡ ಇನ್ನೂ ಏರುತ್ತದೆ. ಬಲಗಣ್ಣು ಎಂದಾದರೂ ಕೆಂಪಾದರೆ, ಮಬ್ಬಾದರೆ, ಮನೆಯಲ್ಲಿರುವ ಬಾಟಲಿಯತ್ತ ಕೈ ಚಾಚದೆ ನೇರವಾಗಿ ಆಸ್ಪತ್ರೆಗೆ ಹೊರಡಿ, ಅದು ನಡುರಾತ್ರಿಯಾದರೂ ಸರಿ.

ಉತ್ತರ: ಮೈಸೂರು ಮಲ್ಲಿಗೆ ಓಣಿ

ಅಕ್ಕಾ, ವೈದ್ಯಕೀಯ ವಿಚಾರವನ್ನು ಡಾಕ್ಟರ್ ಬರೆದಿದ್ದಾರೆ. ಎರಡೂ ಕಣ್ಣು ಹೋದರೆ ಹೇಗೆ ಎಂಬ ನಿಮ್ಮ ಪ್ರಶ್ನೆಗೆ ನಮ್ಮ ಮನೆಯ ಅನುಭವವನ್ನು ಹೇಳುತ್ತೇನೆ. ನಮ್ಮ ವೈರ್ ಫಾಕ್ಸ್ ಟೆರಿಯರ್ ರಾಮುವಿಗೆ ಇದೇ ಕಾಯಿಲೆಯಲ್ಲಿ ಮೊದಲು ಒಂದು, ಆಮೇಲೆ ಇನ್ನೊಂದು ಕಣ್ಣು ಹೋಯಿತು. ನೋವು ಕೊಡುತ್ತಿದ್ದ ಎರಡೂ ಕಣ್ಣುಗಳನ್ನು ತೆಗೆಸಬೇಕಾಯಿತು. ಶಸ್ತ್ರಚಿಕಿತ್ಸೆಗೆ ಒಪ್ಪಿಗೆ ಕೊಡುವಾಗ ನಮ್ಮ ತಾಯಿ ಬಹಳ ಅತ್ತರು. ಆದರೆ ಹೊಲಿಗೆ ಒಣಗಿದ ಮೇಲೆ ರಾಮು ಮೊದಲಿನಂತೆ ಚೆಂಡು ಕಚ್ಚಿಕೊಂಡು ಬಂದು ಕಾಲ ಬಳಿ ಹಾಕಿದಾಗ, ತಿಂಗಳುಗಟ್ಟಲೆ ಅವನು ಮಂಕಾಗಿದ್ದದ್ದು ವಯಸ್ಸಿನಿಂದಲ್ಲ, ತಲೆನೋವಿನಿಂದ ಎಂಬುದು ನಮಗೆಲ್ಲ ಅರ್ಥವಾಯಿತು.

ಅವನ ಲೋಕ ಮೂಗು, ಕಿವಿ ಮತ್ತು ಅಂಗಾಲುಗಳಲ್ಲಿದೆ. ಅಡುಗೆಮನೆಯ ಬಾಗಿಲಲ್ಲಿ ಒಂದು ತೆಂಗಿನ ನಾರಿನ ಚಾಪೆ, ಮೆಟ್ಟಿಲಿನ ಮೇಲೂ ಕೆಳಗೂ ಒಂದೊಂದು ಗೋಣಿತಾಟು ಹಾಸಿದ್ದೇವೆ. ಕಾಲಿಗೆ ಒರಟು ತಗುಲಿದ ಕೂಡಲೇ ಅವನು ನಿಂತು ಮುಂದಿನ ಹೆಜ್ಜೆಯನ್ನು ತಡವುತ್ತಾನೆ. "ಹತ್ತು", "ಇಳಿ", "ನಿಲ್ಲು", "ಈ ಕಡೆ" ಎಂಬ ನಾಲ್ಕು ಮಾತುಗಳನ್ನು ಮನೆಯವರೆಲ್ಲರೂ ಒಂದೇ ರೀತಿಯಲ್ಲಿ ಹೇಳಬೇಕೆಂಬುದು ನಮ್ಮ ಮನೆಯ ಕಟ್ಟಳೆ. ಒಬ್ಬರು "ನಿಲ್ಲು" ಎಂದು ಇನ್ನೊಬ್ಬರು "ಸ್ಟಾಪ್" ಎಂದರೆ ಪಾಪ ಅದು ಗಲಿಬಿಲಿಗೊಳ್ಳುತ್ತದೆ. ನೀರಿನ ಬಟ್ಟಲು, ಹಾಸಿಗೆ, ಕುರ್ಚಿ ಯಾವುದನ್ನೂ ಜಾಗ ಬದಲಿಸುವುದಿಲ್ಲ. ಹೊರಗೆ ಹೋಗುವಾಗ ಕುತ್ತಿಗೆಗೆ ಪಟ್ಟಿ ಕಟ್ಟದೆ ಎದೆಗೆ ಹಾರ್ನೆಸ್ ಹಾಕುತ್ತೇವೆ. ಕುತ್ತಿಗೆ ಜಗ್ಗಿದರೆ ಕಣ್ಣಿನ ಒತ್ತಡ ಏರುತ್ತದೆ ಎಂದು ನಮ್ಮ ವೈದ್ಯರು ಹೇಳಿದ್ದರು; ಹಾಗಾಗಿ ಚಿನ್ನುವಿಗೆ ಈಗಿನಿಂದಲೇ ಹಾರ್ನೆಸ್ ಬಳಸಿ.

ಇನ್ನೊಂದು ಮಾತು. ಬಲಗಣ್ಣು ಕಾಣುತ್ತಿರುವಾಗಲೇ ಈ ಮಾತುಗಳನ್ನೆಲ್ಲ ಕಲಿಸಿಬಿಡಿ. ಮೆಟ್ಟಿಲನ್ನು ನೋಡುತ್ತಾ "ಹತ್ತು" ಎಂಬುದನ್ನು ಕಲಿತ ನಾಯಿಗೆ ಮುಂದೆ ಕಾಣದಿದ್ದರೂ ಆ ಮಾತು ಕೈಹಿಡಿಯುತ್ತದೆ. ಕಣ್ಣು ಹೋದ ಮೇಲೆ, ಹೆದರಿಕೆಯ ನಡುವೆ ಹೊಸದಾಗಿ ಕಲಿಯುವುದು ಅದಕ್ಕೆ ಕಷ್ಟ.

ಉತ್ತರ: ಟೆರಿಯರ್ ಅಭಿಮಾನಿ

ತಮ್ಮನಿಗೆ ಮರಿ ಕೊಳ್ಳುವ ವಿಚಾರವಾಗಿ ಬರೆಯುತ್ತಿದ್ದೇನೆ. ಜಾಕ್ ರಸೆಲ್ ಇಂಗ್ಲೆಂಡಿನ ಡೆವನ್ ಪ್ರಾಂತದ ಪಾದ್ರಿ ಜಾನ್ ರಸೆಲ್ (1795–1883) ನರಿ ಬೇಟೆಗಾಗಿ ಬೆಳೆಸಿದ ನಾಯಿಗಳಿಂದ ಬಂದ ತಳಿ. ಬಿಲದೊಳಗೆ ನುಗ್ಗುವ ಕೆಚ್ಚು ನೋಡಿ ಆರಿಸಿದ ನಾಯಿಗಳು ಇವು. ಬಹುಕಾಲ ಯಾವ ಕ್ಲಬ್‌ನ ದಫ್ತರಕ್ಕೂ ಸೇರದೆ ತೋಟ ಹೊಲಗಳಲ್ಲಿಯೇ ಬೆಳೆದವು. ಬ್ರಿಟನ್ನಿನ ಕೆನೆಲ್ ಕ್ಲಬ್ ಜಾಕ್ ರಸೆಲ್ ಎಂಬ ಹೆಸರಿನ ತಳಿಗೆ ಮಾನ್ಯತೆ ಕೊಟ್ಟಿದ್ದು 2016ರಲ್ಲಿ. ಹೀಗಾಗಿ ನೋಂದಣಿಯಿಲ್ಲದ, ಪರೀಕ್ಷೆಗೊಳಪಡದ ಜಾಕ್ ರಸೆಲ್‌ಗಳು ಅಲ್ಲಿಯೂ ಬಹಳ, ಇಲ್ಲಿಯೂ ಬಹಳ. ಫಾರಂನವರು ಕಾಗದ ಕೊಡದಿದ್ದದ್ದರಲ್ಲಿ ಮೋಸ ಇತ್ತೆಂದು ಹೇಳಲಾಗದು; ಆದರೆ ಪರೀಕ್ಷೆ ಮಾಡಿಸದೆ ಮರಿ ಹಾಕಿಸುವ ಅಭ್ಯಾಸವೇ ಈ ಕಾಯಿಲೆಯನ್ನು ತಲೆಮಾರಿನಿಂದ ತಲೆಮಾರಿಗೆ ಸಾಗಿಸುತ್ತಿದೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಲೆನ್ಸ್ ಜಾರುವ ಕಾಯಿಲೆಗೆ ಡಿಎನ್‌ಎ ಪರೀಕ್ಷೆ ಬಂದು ದಶಕಕ್ಕೂ ಹೆಚ್ಚಾಯಿತು. ಕೆನ್ನೆಯ ಒಳಭಾಗವನ್ನು ಬ್ರಷ್‌ನಿಂದ ಉಜ್ಜಿ ಅಂಚೆಯಲ್ಲಿ ಕಳುಹಿಸಿದರೆ ಸಾಕು, ರಕ್ತ ತೆಗೆಯಬೇಕಾಗಿಲ್ಲ. ಇಷ್ಟು ಸುಲಭವಾಗಿರುವಾಗ, "ನಮ್ಮ ನಾಯಿಗಳಿಗೆ ಕಣ್ಣಿನ ತೊಂದರೆ ಎಂದೂ ಬಂದಿಲ್ಲ" ಎಂಬ ಬಾಯಿಮಾತನ್ನು ತಮ್ಮ ಒಪ್ಪಬಾರದು. ಕಾಯಿಲೆ ಕಾಣಿಸಿಕೊಳ್ಳುವ ವಯಸ್ಸಿಗೆ ಮೊದಲೇ ನಾಯಿಗಳು ಎರಡು ಮೂರು ಸೂಲು ಮರಿ ಹಾಕಿರುತ್ತವೆ. ಮಾರುವವರು ಆ ಮಾತನ್ನು ಮನಃಪೂರ್ವಕವಾಗಿ ನಂಬಿಯೇ ಹೇಳಿರಬಹುದು. ತಂದೆತಾಯಿ ಎರಡರದ್ದೂ ಪರೀಕ್ಷೆಯ ವರದಿಯನ್ನು ಕೇಳಲಿ, ವರದಿಯಲ್ಲಿರುವ ಮೈಕ್ರೋಚಿಪ್ ಸಂಖ್ಯೆಯನ್ನು ನಾಯಿಯ ಚಿಪ್ಪಿನೊಂದಿಗೆ ತಾಳೆ ನೋಡಲಿ. ನಮ್ಮ ದೇಶದ 2017ರ ನಿಯಮಗಳ ಪ್ರಕಾರ ಮರಿ ಹಾಕಿಸಿ ಮಾರುವವರು ರಾಜ್ಯದ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಂಡಿರಬೇಕು, ಎರಡು ತಿಂಗಳು ತುಂಬದ ಮರಿಯನ್ನು ಮಾರುವಂತಿಲ್ಲ. ನೋಂದಣಿ ಪತ್ರ ತೋರಿಸಲು ಹಿಂಜರಿಯುವವರ ಬಳಿ ಕಣ್ಣಿನ ವರದಿ ಸಿಗುವ ಆಸೆ ಇಟ್ಟುಕೊಳ್ಳಬೇಕಾಗಿಲ್ಲ.

ಆದರೆ ಈ ಒಂದು ವರದಿ ಎಲ್ಲ ಕಣ್ಣಿನ ಕಾಯಿಲೆಗಳಿಗೂ ಅಭಯವಲ್ಲ. ಯಾರ್ಕ್‌ಷೈರ್ ಮತ್ತು ವೆಸ್ಟ್ ಹೈಲ್ಯಾಂಡ್ ವೈಟ್ ಟೆರಿಯರ್‌ಗಳಲ್ಲಿ ಕಣ್ಣೀರು ಬತ್ತಿ ಕಾರ್ನಿಯಾ ಒಣಗುವ ತೊಂದರೆ ಹೆಚ್ಚು. ಕಣ್ಣಿನ ಸುತ್ತ ಅಂಟಂಟಾದ ಹಳದಿ ಪಿಸುರು ಮತ್ತೆ ಮತ್ತೆ ಕಟ್ಟುತ್ತಿದ್ದರೆ ಅದನ್ನು ಬರೀ ಸೋಂಕೆಂದು ಬಿಡದೆ, ಕಾಗದದ ಪಟ್ಟಿಯಿಟ್ಟು ಕಣ್ಣೀರು ಅಳೆಸಬೇಕು. ನಿಮಿಷಕ್ಕೆ 15 ಮಿಲಿಮೀಟರ್‌ನಷ್ಟಾದರೂ ಪಟ್ಟಿ ಒದ್ದೆಯಾಗಬೇಕು. ಬೋಸ್ಟನ್ ಮತ್ತು ಸ್ಟಾಫರ್ಡ್‌ಷೈರ್ ಬುಲ್ ಟೆರಿಯರ್‌ಗಳಲ್ಲಿ ಎಳೆಯ ಪ್ರಾಯದಲ್ಲೇ ಪೊರೆ ತರುವ ಬೇರೊಂದು ವಂಶವಾಹಿ ದೋಷವಿದೆ, ಅದಕ್ಕೂ ಪರೀಕ್ಷೆ ಇದೆ. ರೆಟಿನಾ ನಿಧಾನವಾಗಿ ಸವೆಯುವ ಕಾಯಿಲೆಯಲ್ಲಿ ನೋವೂ ಇಲ್ಲ, ಕೆಂಪೂ ಇಲ್ಲ. ಸಂಜೆಯ ಮಬ್ಬಿನಲ್ಲಿ ನಾಯಿ ಅಂಗಳಕ್ಕಿಳಿಯಲು ಹಿಂದೆಮುಂದೆ ನೋಡುವುದೇ ಮೊದಲ ಸೂಚನೆ. ವಯಸ್ಸಾದ ನಾಯಿಯ ಪಾಪೆಯೊಳಗೆ ಕಾಣುವ ತೆಳುವಾದ ಬೂದುನೀಲಿ ಮಾತ್ರ ಬಹುತೇಕ ಲೆನ್ಸ್ ಮಾಗಿದ್ದರ ಗುರುತು, ಅದರಿಂದ ದೃಷ್ಟಿಗೆ ಹೆಚ್ಚಿನ ತೊಂದರೆಯಿಲ್ಲ. ಆದರೂ ಅದು ಯಾವುದೆಂದು ತೀರ್ಮಾನಿಸುವ ಕೆಲಸ ವೈದ್ಯರದು.

ಮರುಪ್ರಶ್ನೆ: ಕಾಫಿತೋಟ

ಇಷ್ಟು ತಾಳ್ಮೆಯಿಂದ ಬರೆದ ಎಲ್ಲರಿಗೂ ಹೃತ್ಪೂರ್ವಕ ಕೃತಜ್ಞತೆಗಳು. ಎಡಗಣ್ಣನ್ನು ತೆಗೆಸಲು ನಾವಿಬ್ಬರೂ ಒಪ್ಪಿದ್ದೇವೆ. ರಾಮುವಿನ ವಿಷಯ ಓದಿದ ಮೇಲೆ ಯಜಮಾನರ ಅಳುಕು ಕಡಿಮೆಯಾಯಿತು. ಬಲಗಣ್ಣಿನ ಶಸ್ತ್ರಚಿಕಿತ್ಸೆಯ ಬಗ್ಗೆ ತಜ್ಞರೊಂದಿಗೆ ಮಾತನಾಡಲು ಸಮಯ ಪಡೆದಿದ್ದೇವೆ. ಡಾಕ್ಟರ್ ಅವರಲ್ಲಿ ಇನ್ನೊಂದು ಕೋರಿಕೆ. ಚಿನ್ನುವಿನ ಅಣ್ಣನಿಗೆ ಈವರೆಗೆ ಏನೂ ತೊಂದರೆ ಕಂಡಿಲ್ಲ. ಅವನಿಗೂ ಇದು ಬಂದೇ ಬರುತ್ತದೆಯೇ? ಸ್ನೇಹಿತರು ಅವನಿಂದ ಒಮ್ಮೆ ಮರಿ ಮಾಡಿಸುವ ಆಸೆಯಲ್ಲಿದ್ದಾರೆ, ಅದನ್ನು ಬಿಟ್ಟುಬಿಡಬೇಕೇ?

ಉತ್ತರ: ಪಶುವೈದ್ಯ ಧಾರವಾಡ

ಬಂದೇ ಬರುತ್ತದೆ ಎನ್ನಲಾಗದು ಮೇಡಂ. ಈ ಕಾಯಿಲೆಯಲ್ಲಿ ತಾಯಿಯಿಂದ ಒಂದು, ತಂದೆಯಿಂದ ಒಂದು, ಹೀಗೆ ಆ ವಂಶವಾಹಿಯ ಎರಡು ದೋಷಯುಕ್ತ ಪ್ರತಿಗಳು ಸೇರಿದರೆ ನಾಯಿ ರೋಗಕ್ಕೆ ತುತ್ತಾಗುತ್ತದೆ. ಚಿನ್ನುವಿನ ಫಲಿತಾಂಶ ನಾವು ಊಹಿಸಿದಂತೆಯೇ ಬಂದರೆ, ತಂದೆತಾಯಿ ಇಬ್ಬರಲ್ಲೂ ಕನಿಷ್ಠ ಒಂದೊಂದು ಪ್ರತಿ ಇದ್ದಿರಲೇಬೇಕು. ಇಬ್ಬರೂ ಬರೀ ವಾಹಕರಾಗಿದ್ದರೆ, ಅಂದರೆ ಒಂದೇ ದೋಷಯುಕ್ತ ಪ್ರತಿ ಹೊತ್ತವರಾಗಿದ್ದರೆ, ಪ್ರತಿ ಮರಿಗೂ ರೋಗ ಬರುವ ಸಂಭವ ನಾಲ್ಕರಲ್ಲಿ ಒಂದು ಪಾಲು, ವಾಹಕವಾಗುವ ಸಂಭವ ಅರ್ಧ, ಪೂರ್ಣ ನಿರ್ದೋಷಿಯಾಗುವ ಸಂಭವ ನಾಲ್ಕರಲ್ಲಿ ಒಂದು ಪಾಲು. ಒಂದೇ ಸೂಲಿನಲ್ಲಿ ಹುಟ್ಟಿದರೂ ಅಣ್ಣನ ಪಾಲಿಗೆ ಏನು ಬಂದಿದೆ ಎಂಬುದನ್ನು ಅವನ ಪರೀಕ್ಷೆಯೇ ಹೇಳಬೇಕು.

ವಾಹಕ ನಾಯಿಗಳ ವಿಷಯದಲ್ಲಿ ಸ್ವಲ್ಪ ಎಚ್ಚರ ಬೇಕು. ಒಂದೇ ಪ್ರತಿ ಇರುವ ಬಹುಪಾಲು ನಾಯಿಗಳು ಜೀವನವಿಡೀ ಚೆನ್ನಾಗಿರುತ್ತವೆ, ಆದರೆ ಅವುಗಳಲ್ಲಿಯೂ ಶೇಕಡಾ 2ರಿಂದ 20ರಷ್ಟಕ್ಕೆ ಲೆನ್ಸ್ ಜಾರಬಹುದೆಂದು ಪರೀಕ್ಷೆ ನಡೆಸುವ ಸಂಸ್ಥೆಗಳು ಅಂದಾಜಿಸುತ್ತವೆ. ಆದ್ದರಿಂದ ಅಣ್ಣ ವಾಹಕನೆಂದು ಬಂದರೂ ವರ್ಷಕ್ಕೊಮ್ಮೆಯಾದರೂ ಕಣ್ಣಿನ ತಜ್ಞರಿಗೆ ತೋರಿಸಬೇಕು. ಎರಡೂ ಪ್ರತಿ ದೋಷಯುಕ್ತವೆಂದು ಬಂದರೆ ಆರು ತಿಂಗಳಿಗೊಮ್ಮೆ ತಪ್ಪದೆ ತೋರಿಸಬೇಕು.

ಮರಿ ಮಾಡಿಸುವ ವಿಚಾರ. ಅವನು ರೋಗಪೀಡಿತನೆಂದು ಬಂದರೆ ಆ ಆಸೆಯನ್ನು ಬಿಡುವುದೇ ಸರಿ. ವಾಹಕನಾಗಿದ್ದರೆ, ಪರೀಕ್ಷೆಯಲ್ಲಿ ನಿರ್ದೋಷಿಯೆಂದು ಖಚಿತವಾದ ಹೆಣ್ಣುನಾಯಿಯೊಂದಿಗೆ ಮಾತ್ರ ಕೂಡಿಸಬಹುದು. ಆಗ ಮರಿಗಳಲ್ಲಿ ಸರಾಸರಿ ಅರ್ಧ ವಾಹಕವಾಗುತ್ತವೆ, ಆದರೆ ಎರಡೂ ಪ್ರತಿ ದೋಷಯುಕ್ತವಾದ ಮರಿ ಹುಟ್ಟುವುದಿಲ್ಲ. ವಾಹಕಗಳನ್ನೆಲ್ಲ ಒಮ್ಮೆಗೇ ದೂರವಿಟ್ಟರೆ ಚಿಕ್ಕ ತಳಿಗಳಲ್ಲಿ ರಕ್ತಸಂಬಂಧದೊಳಗಿನ ಕೂಡುವಿಕೆ ಹೆಚ್ಚಿ, ಈಗ ಹುದುಗಿರುವ ಬೇರೆ ದೋಷಗಳು ತಲೆಯೆತ್ತುತ್ತವೆ. ಹಾಗಾಗಿ ತಲೆಮಾರು ತಲೆಮಾರಿಗೆ ನಿರ್ದೋಷಿ ಮರಿಗಳನ್ನು ಆರಿಸುತ್ತಾ ಹೋಗುವುದು ಮೇಲು. ಆ ಮರಿಗಳನ್ನು ಪಡೆಯುವವರಿಗೆ ಪ್ರತಿಯೊಂದರ ವರದಿಯನ್ನೂ ಕೈಗೆ ಕೊಡಬೇಕು.

ಚಿನ್ನುವಿನ ಫಲಿತಾಂಶ ಬಂದ ದಿನವೇ ಅದರ ಪ್ರತಿಯನ್ನು ಫಾರಂನವರಿಗೂ ಕಳುಹಿಸಿ. ತಾಯಿಯನ್ನು ಇನ್ನೂ ಮರಿ ಹಾಕಿಸುತ್ತಿದ್ದರೆ ಅವರಿಗೆ ಈ ಸುದ್ದಿ ತುರ್ತಾಗಿ ಬೇಕು, ಅದೇ ಸೂಲಿನ ಉಳಿದ ಮರಿಗಳು ಯಾರ ಮನೆಯಲ್ಲಿವೆ ಎಂಬುದೂ ಅವರಿಗೇ ಗೊತ್ತು. ಸ್ನೇಹಿತರಿಗಂತೂ ಇವತ್ತೇ ಫೋನ್ ಮಾಡಿ. ಕೆನ್ನೆಯ ಮಾದರಿ ತೆಗೆಯುವ ಮುನ್ನ ಅರ್ಧ ಗಂಟೆ ಅಣ್ಣನಿಗೆ ಏನೂ ತಿನ್ನಿಸದಿರಲಿ. ಆ ವರದಿ ಬರಲು ಸಮಯ ಹಿಡಿಯುತ್ತದೆ. ಅವನಿಗೂ ಈಗ ಐದು ವರ್ಷವಾದ್ದರಿಂದ ಅಲ್ಲಿಯವರೆಗೆ ಕಾಯದೆ, ಇದೇ ವಾರ ಅವನ ಎರಡೂ ಕಣ್ಣುಗಳ ಒತ್ತಡ ಅಳೆಸಿ, ಲೆನ್ಸ್ ಬಿಗಿಯಾಗಿದೆಯೇ ಎಂದು ತಜ್ಞರಿಂದ ನೋಡಿಸಲಿ.